ಹುಳುಮನೆಯ ಶಾಲೆ

ನಮ್ಮ ಮನೆಯಲ್ಲಿ ಹುಳುಗಳಿಗಿದ್ದ ಮರ್ಯಾದೆ ಮನುಷ್ಯರಿಗೆ ಇರಲಿಲ್ಲ. ಕುಂದಾಣದ ಕಡೆಯ ನಮ್ಮೂರಿನಲ್ಲಿ ಆಗ ಹೆಚ್ಚುಕಡಿಮೆ ಎಲ್ಲರೂ ರೇಷ್ಮೆ ಸಾಕುತ್ತಿದ್ದರು. ಬೇರೆಯವರು ನಡುಮನೆಯಲ್ಲೇ ಹುಳು ಸಾಕುವ ಬಿದಿರು ತಟ್ಟೆಗಳನ್ನು ಜೋಡಿಸಿಕೊಂಡು ಹುಳುಗಳ ಪಕ್ಕದಲ್ಲೇ ಉಂಡು ಮಲಗುತ್ತಿದ್ದರೆ, ನಮ್ಮ ಅಜ್ಜಿ ಹುಳುಗಳಿಗೆಂದೇ ಹಿತ್ತಿಲಲ್ಲಿ ಉದ್ದನೆಯ ಬೇರೆ ಮನೆ ಕಟ್ಟಿಸಿದ್ದಳು. ನಾವು ವಾಸವಿದ್ದ ಮನೆಗೆ ನಾಡಹೆಂಚು, ಸೋರುವ ಅಡುಗೆಮನೆ. ಹುಳುಮನೆಗೆ ಮಂಗಳೂರು ಹೆಂಚು, ಸುಣ್ಣ ಬಳಿದ ಗೋಡೆ, ನೊಣ ನುಗ್ಗದಂತೆ ಕಿಟಕಿಗಳಿಗೆ ನೈಲಾನ್ ಜಾಲರಿ. ಬೇಸಿಗೆಯಲ್ಲಿ ನಾವು ಬೆವರುತ್ತಾ ಒದ್ದಾಡುವಾಗ ಹುಳುಮನೆಯ ಕಿಟಕಿಗಳಿಗೆ ಒದ್ದೆ ಗೋಣಿತಾಟು ಇಳಿಬಿದ್ದಿರುತ್ತಿತ್ತು. ಹೊಗೆ, ಗಂಧ, ಹೂವು, ಸೀಮೆಎಣ್ಣೆ, ಯಾವ ಘಾಟೂ ಆ ಹುಳಕ್ಕೆ ಆಗಿಬರುವುದಿಲ್ಲ ಎಂಬುದು ಅಜ್ಜಿಯ ಕಾನೂನು. ನನ್ನ ಸೋದರಮಾವ ಒಮ್ಮೆ ಬೀಡಿ ಸೇದಿದ ಬಾಯಲ್ಲೇ ಒಳಗೆ ಇಣುಕಿದನೆಂದು ಅವನನ್ನು ಬಂದ ಬಸ್ಸಿಗೇ ವಾಪಸ್ಸು ಕಳಿಸಿದ್ದಳು. ಅಮ್ಮ ಅವತ್ತೂ ಹುಳುಗಳಿಗೆ ಸೊಪ್ಪು ಹಾಕುತ್ತಲೇ ಇದ್ದಳು. ಹುಳ ಸಾಕುವ ಕೆಲಸವೆಲ್ಲ ಅಮ್ಮನದು, ಅಧಿಕಾರವೆಲ್ಲ ಅಜ್ಜಿಯದು. ಆ ಮನೆ ನಡೆಯುತ್ತಿದ್ದದ್ದೇ ಹಾಗೆ.

ಇಂಥ ಅಜ್ಜಿ ತನ್ನ ಹುಳುಮನೆಯನ್ನು ಶಾಲೆಗೆ ಬಿಟ್ಟುಕೊಟ್ಟಳು. ಏಕೆ ಕೊಟ್ಟಳು ಎಂಬುದು ನನ್ನ ಬಾಲ್ಯದ ಅತಿ ದೊಡ್ಡ ಕುತೂಹಲ. ನಾನು ಮೂರನೇ ತರಗತಿಯಲ್ಲಿದ್ದಾಗ ಮಳೆಗೆ ನೆನೆದು ನೆನೆದು ಊರಿನ ಒಂಟಿಕೋಣೆಯ ಶಾಲೆಯ ಚಾವಣಿ ಕುಸಿಯಿತು. ಭಾನುವಾರವಾದ್ದರಿಂದ ಒಳಗೆ ಮಲಗಿದ್ದ ನಾಯಿಯೊಂದು ಹೆದರಿ ಓಡಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಹೊಸ ಕಟ್ಟಡ ಆಗುವವರೆಗೆ ಮಕ್ಕಳೆಲ್ಲ ಹೆದ್ದಾರಿಯ ಆಚೆಯ ಊರಿನ ಶಾಲೆಗೆ ಹೋಗಲಿ ಎಂದು ಮಾರನೆಯ ದಿನವೇ ಮೇಲಿನಿಂದ ಹೇಳಿಕಳಿಸಿದರು. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿಯುತ್ತಾ ತೀರ್ಪು ಕೊಟ್ಟ.

"ಆ ರೋಡಲ್ಲಿ ಲಾರಿಗಳು ಹೆಂಗ್ ಬರ್ತವೆ ನೋಡಿದ್ದೀರಾ? ಹೆಣ್ಮಗು ಅಲ್ಲಿಗೆಲ್ಲ ಹೋಗೋದು ಬೇಡ. ಬಿಲ್ಡಿಂಗ್ ಆಗೋವರ್ಗೂ ಸರೋಜಿ ಮನೇಲೇ ಇರ್ಲಿ, ಸೊಪ್ಪು ಕುಯ್ಕೊಂಡು."

ಕಟ್ಟಡ ಆಗುವವರೆಗೆ ಎಂದರೆ ನಮ್ಮೂರಲ್ಲಿ ಏನರ್ಥವೆಂದು ಎಲ್ಲರಿಗೂ ಗೊತ್ತಿತ್ತು. ಅಮ್ಮ ಮದುವೆಯಾಗಿ ಬಂದಾಗ ಶುರುವಾಗಿದ್ದ ಮೋರಿಯ ಕೆಲಸ ಇನ್ನೂ ಮುಗಿದಿರಲಿಲ್ಲ. ಒಂದು ಸಲ ಮನೆಯಲ್ಲಿ ಕೂತ ಹುಡುಗಿಯರು ಮತ್ತೆ ಸ್ಲೇಟು ಹಿಡಿದಿದ್ದನ್ನು ನಾನು ನೋಡಿರಲಿಲ್ಲ. ಶಾಲೆ ನಮ್ಮೂರಲ್ಲೇ ನಡೆದರೆ ನಾನು ಓದುತ್ತೇನೆ, ಇಲ್ಲದಿದ್ದರೆ ನನ್ನ ಓದು ಅಲ್ಲಿಗೇ ಮುಗಿಯಿತು ಎಂದು ನನಗೆ ಆ ವಯಸ್ಸಿನಲ್ಲೇ ಚೆನ್ನಾಗಿ ಅರ್ಥವಾಗಿತ್ತು. ಅಜ್ಜಿ ಮೂಲೆಯಲ್ಲಿ ಕೂತು ಹುಳುಗಳಿಗೆ ಮಾರನೆಯ ದಿನ ಹಾಕುವ ಹಿಪ್ಪುನೇರಳೆ ಸೊಪ್ಪಿನ ಕಡ್ಡಿ ಬಿಡಿಸುತ್ತಿದ್ದಳು. ಅವಳು ತಲೆ ಎತ್ತಲಿಲ್ಲ, ಆದರೆ ಕಡ್ಡಿ ಬಿಡಿಸುವ ಕೈ ನಿಂತಿತ್ತು.

ಮಾರನೆಯ ಬೆಳಗ್ಗೆ ಜಬೀನ್ ಮಿಸ್ಸು ದೇವನಹಳ್ಳಿಯ ಬಸ್ಸು ಇಳಿದು, ಕುಸಿದ ಶಾಲೆಯ ಮುಂದೆ ನಿಂತು, ಮಕ್ಕಳನ್ನು ಆಚೆ ಊರಿಗೆ ಕಳಿಸಲು ಮನಸ್ಸಿಲ್ಲದೆ, ಎಲ್ಲಿ ಕೂರಿಸುವುದೆಂದು ಅತ್ತಿತ್ತ ನೋಡುತ್ತಿದ್ದರು. ಒಂದರಿಂದ ಐದನೇ ತರಗತಿಯವರೆಗೆ ಅವರೊಬ್ಬರೇ ಟೀಚರು. ದೇವನಹಳ್ಳಿ ಪೇಟೆಯಲ್ಲಿ ಅವರ ತಂದೆಯದು ಬಟ್ಟೆ ಅಂಗಡಿ. ಮನೆಯ ಮಾತು ದಖ್ಖನಿ, ನಮ್ಮೊಡನೆ ಆಡುತ್ತಿದ್ದದ್ದು ಪುಸ್ತಕದಷ್ಟು ಶುದ್ಧವಾದ ಕನ್ನಡ, ಅದರ ನಡುವೆ ಆಗಾಗ ಒಂದು "ಅರೆ ಅಲ್ಲಾ". ಅಜ್ಜಿ ಸೆರಗು ಸಿಕ್ಕಿಸಿಕೊಂಡು ಅವರ ಮುಂದೆ ಹೋಗಿ ನಿಂತಳು. ನಾನು ಅವಳ ಹಿಂದೆಯೇ ಇದ್ದೆ.

"ಟೀಚರಮ್ಮ, ನಮ್ ಹುಳುಮನೆ ಮುಂದಿನ್ ಅರ್ಧ ಬಿಟ್ಕೊಡ್ತೀನಿ. ಆದ್ರೆ ಹುಳ ಹೇಳ್ದಂಗೆ ಕೇಳ್ಬೇಕು."

"ಹುಳ ಮಾತಾಡುತ್ತಾ ಅಜ್ಜಿ?"

"ಅದರ ಪರವಾಗಿ ನಾನ್ ಮಾತಾಡ್ತೀನಿ."

ಅಪ್ಪನಿಗೆ ಇದು ತಿಳಿದಾಗ ಆದ ಜಗಳ ಬೀದಿಯ ಕೊನೆಯವರೆಗೂ ಕೇಳಿಸಿತು. ಬೆಳೆ ಕೆಟ್ಟರೆ ಯಾರು ಹೊಣೆ ಎಂದು ಅಪ್ಪ, ನನ್ನ ಮನೆ ನನ್ನಿಷ್ಟ ಎಂದು ಅಜ್ಜಿ. ಯಾಕಜ್ಜಿ ಕೊಟ್ಟೆ ಎಂದು ನಾನು ಕೇಳಿದ್ದಕ್ಕೆ "ಖಾಲಿ ಇತ್ತು, ಕೊಟ್ಟೆ" ಎಂದಳು. ಅದು ಖಾಲಿ ಇರಲಿಲ್ಲ. ಇನ್ನೊಂದು ದಿನ ಕೇಳಿದಾಗ "ಇಲಿ ಕಾಟ, ಜನ ಓಡಾಡಿದ್ರೆ ಬರಲ್ಲ" ಎಂದಳು. ಮತ್ತೊಂದು ದಿನ "ನಿನ್ ತಲೆ ತಿನ್ನೋದು ತಪ್ಲಿ ಅಂತ ಕೊಟ್ಟೆ, ಹೋಗೇ" ಎಂದು ಗದರಿದಳು. ಕೇಳಿದಷ್ಟು ಸಲವೂ ಬೇರೆ ಬೇರೆ ಉತ್ತರ. ಅಜ್ಜಿಗೆ ಒಂದಕ್ಷರವೂ ಬರುತ್ತಿರಲಿಲ್ಲ, ಬರುವುದಿಲ್ಲವೆಂಬ ಬೇಸರವನ್ನೂ ಯಾವತ್ತೂ ತೋರಿಸಿದವಳಲ್ಲ. ಹಾಗಾಗಿ ನನ್ನ ಕುತೂಹಲ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಹುಳುಮನೆಯ ಶಾಲೆಗೆ ಸೇರುವುದು ಸುಲಭವಿರಲಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ತೊಟ್ಟಿ, ಅದರ ಮುಂದೆ ನೆನೆಸಿದ ಗೋಣಿಚೀಲ, ಅದರ ಪಕ್ಕದಲ್ಲಿ ಅಜ್ಜಿ. ಪ್ರತಿ ಮಗುವೂ ಕೈಕಾಲು ತೊಳೆದು, ಗೋಣಿಯ ಮೇಲೆ ಪಾದ ಒತ್ತಿ, ಅಜ್ಜಿಯ ಮುಂದೆ ತಲೆ ಬಗ್ಗಿಸಬೇಕು. ಅವಳು ಒಬ್ಬೊಬ್ಬರ ನೆತ್ತಿಯನ್ನೂ ಮೂಸುತ್ತಿದ್ದಳು. ಬರಿಯ ಹರಳೆಣ್ಣೆಯಾದರೆ ಪಾಸು. ಘಮಘಮಿಸುವ ಎಣ್ಣೆಯಾದರೆ ವಾಪಸ್ಸು ಹೋಗಿ ತಲೆ ತೊಳೆದು ಬರಬೇಕು. ಹೂ ಮುಡಿದ ಹುಡುಗಿಯರು ಹೂವನ್ನು ಕಳ್ಳಿಬೇಲಿಗೆ ಸಿಕ್ಕಿಸಿ ಒಳಗೆ ಬರಬೇಕು. ಹತ್ತು ಗಂಟೆಯ ಹೊತ್ತಿಗೆ ಬೇಲಿಯುದ್ದಕ್ಕೂ ಮಲ್ಲಿಗೆ, ಕನಕಾಂಬರ, ಮರುಗದ ತುಂಡುಗಳು. ಸಂಜೆ ಹೋಗುವಾಗ ಯಾವುದು ಯಾರದೆಂದು ಜಗಳ. ಮೊದಲ ದಿನ ಸಾಲಿನ ಕೊನೆಯಲ್ಲಿ ಜಬೀನ್ ಮಿಸ್ಸೂ ಬಂದು ನಿಂತರು. ಅಜ್ಜಿ ಎರಡು ಸಲ ಮೂಸಿದಳು.

"ಮುಖಕ್ಕೆ ಪೌಡರ್ ಹಾಕಿದ್ದೀರ ಟೀಚರಮ್ಮ."

ಟೀಚರಿಗೆ ಹೀಗೆ ಹೇಳಬಹುದೆಂದೇ ನಮಗೆ ಗೊತ್ತಿರಲಿಲ್ಲ. ಮಿಸ್ಸು ಜೋರಾಗಿ ನಕ್ಕು, ನಮ್ಮ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದರು. ಆವತ್ತಿನಿಂದ ಅವರು ಪೌಡರ್ ಹಾಕಿದ್ದನ್ನು ನಾನು ನೋಡಿಲ್ಲ. ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಅವರ ಊಟ. ಡಬ್ಬಿಯ ಚಪಾತಿಯ ಜೊತೆಗೆ ಅಮ್ಮ ಬಿಸಿ ಮುದ್ದೆ, ಸೊಪ್ಪಿನ ಸಾರು ತಂದಿಡುತ್ತಿದ್ದಳು. ಮೊದಮೊದಲು ಅವರಿಗೆಂದೇ ಒಂದು ಲೋಟ ಬೇರೆ ಇರುತ್ತಿತ್ತು. ಯಾವಾಗಲೋ ಆ ಲೋಟ ನಮ್ಮ ಲೋಟಗಳ ಜೊತೆ ಸೇರಿಹೋಯಿತು. ಅದು ಯಾವುದಮ್ಮ ಎಂದು ನಾನು ಕೇಳಿದರೆ ಅಮ್ಮ ಪಾತ್ರೆ ಉಜ್ಜುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು.

ಹುಳು ಬೆಳೆದ ಹಾಗೆಲ್ಲ ನಮ್ಮ ಶಾಲೆ ಚಿಕ್ಕದಾಗುತ್ತಿತ್ತು. ಮೊಟ್ಟೆಯೊಡೆದು ಬಂದ ಹೊಸದರಲ್ಲಿ ಹುಳುಗಳು ಸಾಸಿವೆಯಷ್ಟು, ಅವಕ್ಕೆ ಒಂದು ಮೂಲೆ ಸಾಕು. ಆಗ ಐದು ತರಗತಿಗಳೂ ಕಾಲು ಚಾಚಿ ಕೂರಬಹುದು. ಹುಳು ದಪ್ಪವಾದಂತೆ ತಟ್ಟೆಗಳು ಹೆಚ್ಚಿ, ನಡುವೆ ಕಟ್ಟಿದ್ದ ಹಳೆಯ ಸೀರೆಯ ಪರದೆ ಮುಂದೆ ಮುಂದೆ ಬಂದು, ನಾವು ಗೋಡೆಗೆ ಒತ್ತಿಕೊಳ್ಳುತ್ತಾ, ಕೊನೆಗೆ ಬಾಗಿಲು ದಾಟಿ ಹೊಂಗೆಮರದ ಕೆಳಗೆ ಬೀಳುತ್ತಿದ್ದೆವು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಮೊದಲು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳಕ್ಕೆ ಜ್ವರವಿದ್ದ ದಿನ ಶಾಲೆಯಲ್ಲಿ ಯಾರೂ ಬಾಯಿ ಬಿಡುವಂತಿಲ್ಲ, ಬರೀ ಬರವಣಿಗೆ. ಜ್ವರ ಬಿಟ್ಟು ಹುಳು ಎದ್ದ ದಿನ ಹಾಡು, ಮಗ್ಗಿ, ಗಲಾಟೆ. ಪಾಠ ಹೇಳಿಕೊಡಲು ನಂಜಣ್ಣನೂ ಬರುತ್ತಿದ್ದ. ಅವನು ಊರಿನವರ ರೇಷ್ಮೆ ಗೂಡುಗಳನ್ನು ಮಾರ್ಕೆಟ್ಟಿಗೆ ಸಾಗಿಸುವ ಟೆಂಪೋ ಡ್ರೈವರು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಬಿಟ್ಟು ಉಳಿದೆಲ್ಲದರಲ್ಲೂ ಫೇಲಾದವನು. ಬಾಡಿಗೆ ಇಲ್ಲದ ದಿನ ಯಾರೂ ಕರೆಯದೆಯೇ ಬಂದು ನಾಲ್ಕು, ಐದನೇ ತರಗತಿಯವರನ್ನು ಟೆಂಪೋದ ಹಿಂದೆ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದ. ಸೀಮೆಸುಣ್ಣವನ್ನೂ ಅವನೇ ತರುತ್ತಿದ್ದ, ತಂದದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಒಂದು ಜ್ವರದ ದಿನ ನಾನು ತಡೆಯಲಾರದೆ ಮಿಸ್ಸಿನ ಕಿವಿಯಲ್ಲಿ ಕೇಳಿದೆ.

"ಮಿಸ್, ಜ್ವರದಲ್ಲಿರೋ ಹುಳಕ್ಕೆ ನಾವ್ ಮಗ್ಗಿ ಹೇಳಿದ್ರೆ ಕೇಳ್ಸುತ್ತಾ?"

"ಗೊತ್ತಿಲ್ವಲ್ಲ ಸರೋಜಾ."

ದೊಡ್ಡವರೊಬ್ಬರು ಗೊತ್ತಿಲ್ಲ ಎಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಗೊತ್ತಿಲ್ಲದ್ದಕ್ಕೆ ಬೈಗುಳವೇ ಉತ್ತರ. ಮಿಸ್ಸು ಅಷ್ಟಕ್ಕೇ ಬಿಡದೆ ಅಜ್ಜಿಯನ್ನು ಪುಸಲಾಯಿಸಿ, ಒಂದೇ ಒಂದು ತಟ್ಟೆಯನ್ನು ಹೊರಗೆ ತರಿಸಿ, ನನ್ನಿಂದ ಮೊದಲು ಪಿಸುಮಾತಿನಲ್ಲಿ, ಆಮೇಲೆ ಗಟ್ಟಿಯಾಗಿ ಎರಡರ ಮಗ್ಗಿ ಹೇಳಿಸಿದರು. ಎಲ್ಲರೂ ತಟ್ಟೆಯ ಸುತ್ತ ಬಗ್ಗಿ ನೋಡಿದೆವು. ಒಂದು ಹುಳವೂ ಕದಲಲಿಲ್ಲ.

"ಕೇಳ್ಸಲ್ಲ ಅನ್ಸುತ್ತೆ ಅಜ್ಜಿ," ಎಂದರು ಮಿಸ್ಸು.

"ಕೇಳ್ಸುತ್ತೆ. ನಿಮ್ ಮರ್ಯಾದೆಗೆ ಸುಮ್ನವೆ," ಎಂದಳು ಅಜ್ಜಿ, ತಟ್ಟೆ ಎತ್ತಿಕೊಂಡು ಹೋಗುತ್ತಾ.

ಮುಂದೆ ನಾನು ದೊಡ್ಡಬಳ್ಳಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸ ಮಾಡಿ ಈಗ ನಿವೃತ್ತಳಾಗಿದ್ದೇನೆ. ಮಕ್ಕಳ ಪ್ರಶ್ನೆಗೆ ಉತ್ತರ ತಿಳಿಯದಾಗ "ಗೊತ್ತಿಲ್ವಲ್ಲ" ಎಂದು ನಾಚಿಕೆಯಿಲ್ಲದೆ ಹೇಳುವುದನ್ನು ನಾನು ಕಲಿತದ್ದು ಆ ತಟ್ಟೆಯ ಮುಂದೆ.

ನಾನು ನಾಲ್ಕನೇ ತರಗತಿಗೆ ಬಂದೆ. ಕಟ್ಟಡಕ್ಕೆ ಪಾಯ ತೆಗೆದು ಬಿಟ್ಟಿದ್ದರು, ಗುಂಡಿಯಲ್ಲಿ ನೀರು ನಿಂತು ಎಮ್ಮೆಗಳು ಮೀಯುತ್ತಿದ್ದವು. ಶಿಕ್ಷಕರ ದಿನಾಚರಣೆ ಬಂದಾಗ ನಂಜಣ್ಣನಿಗೆ ಒಂದು ಆಸೆ ಹುಟ್ಟಿತು. ಪೇಟೆಗಳಲ್ಲಿ ಟೀಚರುಗಳಿಗೆ ಸನ್ಮಾನ ಮಾಡುತ್ತಾರೆ, ನಾವೂ ಮಾಡಬೇಕು, ಮಿಸ್ಸಿಗೂ ಅಜ್ಜಿಗೂ ಇಬ್ಬರಿಗೂ ಮಾಡಬೇಕು. ಊರವರು ಒಪ್ಪಿದರು. ಹೊಂಗೆಮರದ ಕೆಳಗೆ ಜಮಖಾನ ಹಾಸಿ, ನಮ್ಮ ಮನೆಯ ಮರದ ಕುರ್ಚಿಗಳನ್ನೇ ಹಾಕಿ, ಇಬ್ಬರನ್ನೂ ಕೂರಿಸಿದರು. ಜಡಿಗೇನಹಳ್ಳಿ ಕಡೆ ನಂಜಣ್ಣನ ಭಾವಮೈದುನನದು ಸೇವಂತಿಗೆ ತೋಟ. ಅಲ್ಲಿಂದ ಬೆಳಗಿನ ಜಾವವೇ ಬಿಡಿಸಿದ ಹೂವಿನಲ್ಲಿ ಎರಡು ದಪ್ಪ ಹಾರ ಕಟ್ಟಿಸಿಕೊಂಡು ಬಂದಿದ್ದ. ಶಾಲು ಹೊದಿಸಿ, ಹಾರ ಹಾಕಿ, ಟೆಂಪೋದ ಮೇಲೆ ನಿಂತು ಭಾಷಣ ಮಾಡಿದ. ಅರ್ಧ ಭಾಷಣಕ್ಕೇ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳತೊಡಗಿದ, ನಾವು ಅದನ್ನೇ ಮುಗಿಯಿತೆಂದು ತಿಳಿದು ಚಪ್ಪಾಳೆ ಹೊಡೆದೆವು. ಮಿಸ್ಸು ಕುರ್ಚಿಯಿಂದ ಎದ್ದವರೇ ಅಭ್ಯಾಸಬಲದಿಂದ ಹಾರ ತೆಗೆದು ಬೇಲಿಗೆ ಹಾಕಿದರು. ಅಜ್ಜಿ ತೆಗೆಯಲಿಲ್ಲ. ಮತ್ತೆ ಮತ್ತೆ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ನನ್ ಮದ್ವೇಲೂ ಇಂಥ ಹಾರ ಹಾಕಿರ್ಲಿಲ್ಲ ಕಣ್ಲಾ ನಂಜ," ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಹುಳು ನಾಲ್ಕನೇ ಜ್ವರ ಎದ್ದು ಭರ್ಜರಿಯಾಗಿ ತಿನ್ನುವ ಕಾಲ ಅದು. ಇನ್ನು ಸ್ವಲ್ಪ ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಸೊಪ್ಪು ಹಾಕುವ ಹೊತ್ತು ಮೀರುತ್ತಿದೆ ಎಂದು ಅಮ್ಮ ಒಳಗೆ ಹೋದಳು; ಅಜ್ಜಿಯೂ ಒಂದು ಮಂಕರಿ ಸೊಪ್ಪು ಎತ್ತಿಕೊಂಡು ಹಿಂದೆಯೇ ಹೋದಳು. ಅಮ್ಮ ಪೂರ್ವದ ಸಾಲು, ಅಜ್ಜಿ ಬಾಗಿಲ ಕಡೆಯ ಎರಡು ಸಾಲು, ಒಬ್ಬರಿಗೊಬ್ಬರು ಬೆನ್ನು. ನಾವೆಲ್ಲ ಹೊರಗೆ ಬೂಂದಿಯ ಗಡಿಬಿಡಿಯಲ್ಲಿದ್ದೆವು.

ಮಾರನೆಯ ಬೆಳಗ್ಗೆ ಅಮ್ಮನ ಕೂಗು ಕೇಳಿ ಎಲ್ಲರೂ ಓಡಿದೆವು. ಹುಳುಮನೆಯಲ್ಲಿ ಸೊಪ್ಪು ಮೇಯುವ ಸದ್ದು ಅರ್ಧಕ್ಕರ್ಧ ಇಲ್ಲವಾಗಿತ್ತು. ಬಾಗಿಲ ಕಡೆಯ ಎರಡು ಸಾಲಿನ ತಟ್ಟೆಗಳಲ್ಲಿ ಹುಳುಗಳು ತಲೆಯನ್ನು ಅತ್ತಿತ್ತ ಒಗೆಯುತ್ತಾ, ಹಸಿರು ರಸ ಕಕ್ಕುತ್ತಾ, ಮೋಟಾಗಿ ಮುದುರಿಕೊಂಡು ಸಾಯುತ್ತಿದ್ದವು. ಪೂರ್ವದ ಸಾಲು ಮಾತ್ರ ಏನೂ ಆಗದಂತೆ ಮೇಯುತ್ತಿತ್ತು. ಅಪ್ಪ ಸೊಪ್ಪು ಮೂಸಿದ, ಒಂದೇ ತೋಟದ ಸೊಪ್ಪು. ಅಮ್ಮ ಬಗ್ಗಿ ಒಂದು ತಟ್ಟೆಯಿಂದ ಏನನ್ನೋ ಹೆಕ್ಕಿದಳು. ಸೇವಂತಿಗೆಯ ಒಂದು ಹಳದಿ ಎಸಳು, ಅದರ ಮೇಲೆ ಹೂತೋಟಕ್ಕೆ ಹೊಡೆಯುವ ಕೀಟದ ಔಷಧಿಯ ಬಿಳಿ ಕಲೆ.

"ಅತ್ತೆ, ನಿನ್ನೆ ಒಳಗ್ ಬಂದಾಗ ಹಾರ ತೆಗ್ದಿದ್ರಾ?"

ಅಜ್ಜಿಯ ಕೈ ತಾನಾಗಿ ಕತ್ತಿಗೆ ಹೋಯಿತು. ಕತ್ತಿನಲ್ಲಿ ಈಗ ಏನೂ ಇರಲಿಲ್ಲ. ಊರ ಮಕ್ಕಳ ನೆತ್ತಿಯನ್ನೆಲ್ಲ ಮೂಸಿದವಳು, ಸೋದರಮಾವನನ್ನು ಬಸ್ಸು ಹತ್ತಿಸಿದವಳು, ಔಷಧಿ ಹೊಡೆದ ಹೂವಿನ ಹಾರವನ್ನು ತಾನೇ ಕತ್ತಿಗೆ ಹಾಕಿಕೊಂಡು ತಟ್ಟೆ ತಟ್ಟೆಯ ಮೇಲೂ ಬಗ್ಗಿದ್ದಳು. ಹೋಗಿ ಜಗಲಿಯ ಮೂಲೆಯಲ್ಲಿ ಕೂತಳು. ಅಪ್ಪ ಅಂಗಳದಲ್ಲಿ ನಿಂತು ಕೂಗಾಡಿದ.

"ಸನ್ಮಾನ ಅಂತೆ ಸನ್ಮಾನ! ಹೇಳ್ದೆ ನಾನು ಅವತ್ತೇ. ಸ್ಕೂಲೂ ಬೇಡ, ಸುಡುಗಾಡೂ ಬೇಡ. ಇವತ್ತಿಂದ ಯಾರೂ ಈ ಬೇಲಿ ದಾಟ್ಬಾರ್ದು!"

ನಂಜಣ್ಣ ಸುದ್ದಿ ಕೇಳಿ ಬಂದವನು ಬೇಲಿಯ ಆಚೆಯೇ ನಿಂತ. ಔಷಧಿ ಹೊಡೆದದ್ದು ಅವನಿಗೆ ಗೊತ್ತಿರಲಿಲ್ಲ, ಅದನ್ನು ಹೇಳುವ ಧೈರ್ಯವೂ ಇರಲಿಲ್ಲ. ಮಕ್ಕಳು ಒಬ್ಬೊಬ್ಬರೇ ಬಂದು ಅವನ ಪಕ್ಕ ನಿಂತರು. ಅವರಿಗೆ ಯಾರು ಏನು ಹೇಳಿದ್ದರೋ, ಆವತ್ತು ಒಬ್ಬ ಹುಡುಗಿಯೂ ಹೂ ಮುಡಿದು ಬಂದಿರಲಿಲ್ಲ, ಬೇಲಿ ಬೋಳಾಗಿತ್ತು. ಬಸ್ಸು ಇಳಿದು ಬಂದ ಮಿಸ್ಸು ವಿಷಯ ತಿಳಿದು ಅಪ್ಪನಿಗೆ ಕೈ ಮುಗಿದರು.

"ತಪ್ಪಾಯ್ತಣ್ಣಾ. ಮಕ್ಕಳನ್ನ ನಾನು ಎಲ್ಲಾದ್ರೂ ಕೂರಿಸ್ಕೋತೀನಿ. ನೀವು ಅಜ್ಜಿಗೆ ಮಾತ್ರ ಏನೂ ಅನ್ಬೇಡಿ."

ಎಲ್ಲಾದರೂ ಎಂದರೆ ಎಲ್ಲಿ? ನಾನು ಕಂಬ ಹಿಡಿದು ನಿಂತಿದ್ದೆ. ನನಗೆ ಸತ್ತ ಹುಳುಗಳಿಗಿಂತ ನನ್ನದೇ ಚಿಂತೆ. ಅಪ್ಪನ ಬಾಯಲ್ಲಿ ಇನ್ನೇನು ಸೊಪ್ಪು ಕುಯ್ಯುವ ಮಾತು ಬರುತ್ತದೆ ಎಂದು ಕಾಯುತ್ತಿದ್ದೆ. ಅಷ್ಟರಲ್ಲಿ ಅಮ್ಮ ಹುಳುಮನೆಯಿಂದ ತಟ್ಟೆಗಳನ್ನು ಒಂದೊಂದಾಗಿ ಹೊತ್ತು ತರತೊಡಗಿದಳು. ಸತ್ತ ಹುಳುಗಳನ್ನು ಗುಂಡಿಗೆ ಸುರಿದು, ಮೇಲೆ ಸುಣ್ಣ ಚೆಲ್ಲಿ, ಮಣ್ಣು ಎಳೆದಳು. ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಕಲಸಿ ತಟ್ಟೆಗಳನ್ನು ತಿಕ್ಕಿ ತಿಕ್ಕಿ ತೊಳೆದು, ಗೋಡೆಗೆ ಸಾಲಾಗಿ ಒರಗಿಸಿ ಬಿಸಿಲಿಗಿಟ್ಟಳು. ಮುಂದಿನ ಬೆಳೆಗೆ ಸಾಮಾನು ಸಿದ್ಧ ಮಾಡುವ ರೀತಿಯೇ ಅದು. ಆಮೇಲೆ ಒಳಗೆ ಹೋಗಿ ನಮ್ಮ ಕರಿಹಲಗೆಯನ್ನು ಎತ್ತಿಕೊಂಡು ಬಂದಳು. ಹಿಂದಿನ ದಿನ ಸನ್ಮಾನಕ್ಕೆಂದು ಬರೆದ ಬಣ್ಣದ ಸೀಮೆಸುಣ್ಣದ ಚಿತ್ರ ಅದರ ಮೇಲೆ ಹಾಗೇ ಇತ್ತು. ಅದನ್ನೂ ಅದೇ ತೊಟ್ಟಿಯ ನೀರಿನಲ್ಲಿ, ಅದೇ ನಾರಿನಿಂದ ತಿಕ್ಕಿ ತೊಳೆದು, ತಟ್ಟೆಗಳ ಸಾಲಿನಲ್ಲೇ, ಅವುಗಳ ನಡುವೆ ಒಣಗಲು ಇಟ್ಟಳು.

ಅಪ್ಪನ ಕೂಗಾಟ ಯಾವಾಗ ನಿಂತಿತ್ತೋ ಗೊತ್ತಾಗಲಿಲ್ಲ. ಅವನು ಆ ಹಲಗೆಯನ್ನು ನೋಡಿದ, ಅಮ್ಮನನ್ನು ನೋಡಿದ. ಅಮ್ಮ ಅವನತ್ತ ತಿರುಗಲೇ ಇಲ್ಲ. ಉಳಿದ ಪೂರ್ವದ ಸಾಲಿಗೆ ಸೊಪ್ಪು ಹಾಕಲು ಕೈತೊಳೆದು ಒಳಗೆ ಹೋದಳು. ಸಂಜೆ ಹಲಗೆ ಒಣಗಿದ ಮೇಲೆ ಅಪ್ಪನೇ ಅದನ್ನು ಹೊತ್ತು ಹೊಂಗೆಮರಕ್ಕೆ ಒರಗಿಸಿ ಬಂದ. ಮಾರನೆಯ ದಿನ ಮಕ್ಕಳೆಲ್ಲ ಬೇಲಿ ದಾಟಿ ಬಂದು ಅದರ ಮುಂದೆ ಕೂತರು. ಎರಡು ದಿನ ಉಣ್ಣದೆ ಕೂತಿದ್ದ ಅಜ್ಜಿಗೆ ಮಿಸ್ಸೇ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತಿನ್ನಿಸಿದರು. ಮೂರನೆಯ ದಿನ ಅಜ್ಜಿ ಮತ್ತೆ ತೊಟ್ಟಿಯ ಪಕ್ಕ ಬಂದು ಕೂತಳು, ಆದರೆ ನಮ್ಮ ನೆತ್ತಿ ಮೂಸಲಿಲ್ಲ. ಅವಳಿಗೆ ಮನಸ್ಸು ಬರಲಿಲ್ಲವೆಂದು ಕಾಣುತ್ತದೆ. ನಾವೇ ಸಾಲಾಗಿ ನಿಂತು, ಬಲವಂತವಾಗಿ ತಲೆ ಬಗ್ಗಿಸಿ ಮೂಸಿಸಿಕೊಂಡೆವು.

ನಾನು ಐದನೇ ತರಗತಿ ಮುಗಿಸುವ ಹೊತ್ತಿಗೆ ಶಾಲೆಯ ಕಟ್ಟಡವೂ ಮುಗಿಯಿತು. ಆರನೆಯದಕ್ಕೆ ನಾನು ಆಚೆ ಊರಿಗೇ ಹೋಗಬೇಕಾಯಿತು, ಅಪ್ಪನೇ ದಿನಾ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೆದ್ದಾರಿ ದಾಟಿಸುತ್ತಿದ್ದ. ಕಟ್ಟಡದ ಉದ್ಘಾಟನೆಗೆ ಅಧಿಕಾರಿಗಳು, ದೊಡ್ಡವರೆಲ್ಲ ಬಂದರು. ಟೇಪು ಕತ್ತರಿಸಿ, ಬೂಟುಗಾಲಿನಲ್ಲೇ ಒಳಗೆ ಹೋಗಿ, ಗೋಡೆ ತಟ್ಟಿ ನೋಡಿದರು. ಮಕ್ಕಳೆಲ್ಲ ಆಗಲೇ ಒಳಗೆ ಸಾಲಾಗಿ ಕೂತಿದ್ದರು. ನಂಜಣ್ಣ ಈ ಸಲ ಹಾರದ ಸುದ್ದಿಗೇ ಹೋಗಿರಲಿಲ್ಲ. ಕೈ ಹಿಡಿದು ಅಜ್ಜಿಯನ್ನು ಕರೆದುಕೊಂಡು ಬಂದ. ಹೊಸ ಹೊಸ್ತಿಲ ಮುಂದೆ ಅಜ್ಜಿ ಗಕ್ಕನೆ ನಿಂತುಬಿಟ್ಟಳು. ಅತ್ತಿತ್ತ ನೋಡಿದಳು.

"ನೀರೆಲ್ಲೋ?"

"ಯಾಕಜ್ಜಿ, ಬಾಯಾರಿಕೆನಾ?"

"ಕಾಲ್ ತೊಳ್ಕಬೇಡ್ವೇನ್ಲಾ? ಒಳಗೆ ಮಕ್ಕಳವೆ."

ಒಳಗಿದ್ದ ದೊಡ್ಡವರಲ್ಲಿ ಒಬ್ಬರು ತಮ್ಮ ಬೂಟಿನತ್ತ ನೋಡಿಕೊಂಡು ಮೆಲ್ಲಗೆ ಹೊರಗೆ ಬಂದರು. ಜಬೀನ್ ಮಿಸ್ಸು ಓಡಿಹೋಗಿ ಚೊಂಬಿನಲ್ಲಿ ನೀರು ತಂದು, ಬಗ್ಗಿ, ಅಜ್ಜಿಯ ಪಾದಗಳ ಮೇಲೆ ಹುಯ್ದರು, ಉಳಿದ ನೀರಿನಲ್ಲಿ ತಮ್ಮ ಪಾದ ತೊಳೆದುಕೊಂಡರು. ಅಜ್ಜಿ ಸೆರಗಿನಿಂದ ಕೈ ಒರೆಸಿಕೊಂಡು, ಬಲಗಾಲಿಟ್ಟು ಒಳಗೆ ಹೋದಳು. ಹುಳುಮನೆಯನ್ನು ಯಾಕೆ ಕೊಟ್ಟೆ ಎಂದು ಆಮೇಲೆ ನಾನು ಅವಳನ್ನು ಯಾವತ್ತೂ ಕೇಳಲಿಲ್ಲ.